ದೊಡ್ಡ ಕಡತಗಳ ರವಾನೆ: ಉಗ್ರಾಣ ಸ್ವಂತದ್ದಾದರೆ ಕಾವಲೂ ಸ್ವಂತದ್ದೇ

ಬೆಂಗಳೂರು: ಮದುವೆ ಮುಗಿದು ತಿಂಗಳಾಗಿದೆ. ಸ್ಟುಡಿಯೊದಲ್ಲಿ ಸಂಕಲನಗೊಂಡ ವಿಡಿಯೊ ಮತ್ತು ಛಾಯಾಚಿತ್ರಗಳು ಸೇರಿ 40 ಜಿಬಿಯಷ್ಟು ಕಡತಗಳು ಸಿದ್ಧವಾಗಿವೆ. ವಧೂವರರು ಅದಾಗಲೇ ಅಮೆರಿಕಕ್ಕೆ ತೆರಳಿದ್ದಾರೆ. ಇವುಗಳನ್ನು ಅವರಿಗೆ ತಲುಪಿಸುವುದು ಹೇಗೆ? ಕಟ್ಟಡದ ನಕ್ಷೆ ಕಳುಹಿಸುವ ವಾಸ್ತುಶಿಲ್ಪಿ, ಪುಸ್ತಕದ ಪುಟಗಳನ್ನು ಮುದ್ರಣಾಲಯಕ್ಕೆ ರವಾನಿಸುವ ವಿನ್ಯಾಸಕ, ಧ್ವನಿಮುದ್ರಣ ಒಪ್ಪಿಸಬೇಕಾದ ಕಲಾವಿದ ಇವರೆಲ್ಲರ ಮುಂದೆಯೂ ಇರುವುದು ಇದೇ ಪ್ರಶ್ನೆ.

ಇ-ಮೇಲ್ ಇದಕ್ಕೆ ಒದಗುವುದಿಲ್ಲ. ಜಿಮೇಲ್‌ನಲ್ಲಿ ಒಂದು ಪತ್ರದೊಡನೆ ಲಗತ್ತಿಸಬಹುದಾದ ಗಾತ್ರ ಗರಿಷ್ಠ 25 ಎಂಬಿ. ಇ-ಮೇಲ್ ವ್ಯವಸ್ಥೆ ಮೂಲತಃ ರೂಪುಗೊಂಡದ್ದು ಅಕ್ಷರಗಳ ರವಾನೆಗೆ. ಚಿತ್ರ, ವಿಡಿಯೊಗಳನ್ನು ಅಕ್ಷರರೂಪಕ್ಕೆ ತಿರುಗಿಸಿಯೇ ಕಳುಹಿಸಬೇಕಾದ್ದರಿಂದ ಅವುಗಳ ಗಾತ್ರ ದಾರಿಯಲ್ಲಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ.

ಹೀಗಾಗಿ ಬಹುತೇಕರು ಕಡತ ರವಾನೆಗೆಂದೇ ಇರುವ ಜಾಲತಾಣಗಳ ಮೊರೆ ಹೋಗುತ್ತಾರೆ. ಕಡತವನ್ನು ಅಲ್ಲಿಗೆ ಏರಿಸಿ, ದೊರೆತ ಕೊಂಡಿಯನ್ನು ಗ್ರಾಹಕರಿಗೆ ಕಳುಹಿಸಿದರೆ ಕೆಲಸ ಮುಗಿಯಿತು. ಆದರೆ ಬೇರೆಯವರ ಉಗ್ರಾಣವನ್ನು ನೆಚ್ಚಿಕೊಂಡರೆ ಏನಾಗಬಹುದು ಎಂಬುದಕ್ಕೆ ಕಳೆದ ಕೆಲವು ವರ್ಷಗಳಲ್ಲೇ ಹಲವು ನಿದರ್ಶನಗಳಿವೆ.

ನೆಚ್ಚಿದವರಿಗೆ ಪೆಟ್ಟು

2020ರ ಮೇ ತಿಂಗಳಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ವಿಟ್ರಾನ್ಸ್‌ಫರ್ ತಾಣವನ್ನು ತಡೆಹಿಡಿಯುವಂತೆ ಅಂತರ್ಜಾಲ ಸೇವಾ ಸಂಸ್ಥೆಗಳಿಗೆ ಆದೇಶಿಸಿತು. ಲಾಕ್‌ಡೌನ್‌ನಿಂದಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದವರು ದಿಢೀರನೆ ಬೇರೆ ದಾರಿ ಹುಡುಕಬೇಕಾಯಿತು.

ಅದೇ ವರ್ಷ ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಸೆಂಡ್ ಸೇವೆಯೂ ನಿಂತಿತು. 2019ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆದಿದ್ದ ಈ ಸೇವೆಯಲ್ಲಿ ಖಾತೆಯಿದ್ದವರು 2.5 ಜಿಬಿವರೆಗಿನ ಕಡತವನ್ನು ಉಚಿತವಾಗಿ ಕಳುಹಿಸಬಹುದಿತ್ತು. ಕುತಂತ್ರಾಂಶ ಹರಡುವವರು ಇದನ್ನು ದುರ್ಬಳಕೆ ಮಾಡಿಕೊಂಡರು. 2020ರ ಜುಲೈನಲ್ಲಿ ಸ್ಥಗಿತಗೊಂಡ ಸೇವೆಯನ್ನು ಸೆಪ್ಟೆಂಬರ್‌ನಲ್ಲಿ ಶಾಶ್ವತವಾಗಿ ಮುಚ್ಚುವ ಘೋಷಣೆ ಹೊರಬಿತ್ತು.

2025ರ ಜುಲೈನಲ್ಲಿ ವಿಟ್ರಾನ್ಸ್‌ಫರ್ ತನ್ನ ಬಳಕೆಯ ನಿಯಮಗಳಿಗೆ ತಿದ್ದುಪಡಿ ತಂದಿತು. ಬಳಕೆದಾರರ ಕಡತಗಳನ್ನು ಯಂತ್ರಕಲಿಕೆಯ ಮಾದರಿಗಳ ಸುಧಾರಣೆಗೆ ಬಳಸಲು ಅದು ಎಡೆಮಾಡಿಕೊಡುತ್ತದೆಂದು ಕಲಾವಿದರು, ಛಾಯಾಗ್ರಾಹಕರು ಆಕ್ಷೇಪಿಸಿದರು. ಕಡತಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವುದಿಲ್ಲ ಎಂದು ಸ್ಪಷ್ಟನೆ ನೀಡಿದ ಸಂಸ್ಥೆ, ಆ ವಾಕ್ಯವನ್ನು ಕೈಬಿಟ್ಟಿತು. ಆದರೂ, ನಿಯಮ ಬರೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಈ ಪ್ರಸಂಗದಿಂದ ಎಲ್ಲರಿಗೂ ಮನದಟ್ಟಾಯಿತು.

ಸ್ವಂತ ಸರ್ವರ್ ಎಂದರೇನು?

ಇದಕ್ಕೆ ಪರ್ಯಾಯವೇ ಸ್ವಂತ ಸರ್ವರ್‌ನಲ್ಲಿ ಮುಕ್ತ ತಂತ್ರಾಂಶದ ಬಳಕೆ. ತಿಂಗಳ ಬಾಡಿಗೆಗೆ ಒಂದು ಸರ್ವರ್ ಪಡೆದು, ಉಚಿತವಾಗಿ ದೊರೆಯುವ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸಿ, ತಮ್ಮದೇ ಜಾಲತಾಣದ ವಿಳಾಸದಿಂದ ಗ್ರಾಹಕರಿಗೆ ಕೊಂಡಿ ಕಳುಹಿಸುವ ಕ್ರಮವಿದು. ಕಡತದ ಗಾತ್ರ, ಕೊಂಡಿಯ ಅವಧಿ, ಗುಪ್ತಪದ ಎಲ್ಲವೂ ಕಳುಹಿಸುವವರ ನಿರ್ಧಾರಕ್ಕೆ ಬಿಟ್ಟದ್ದು.

ಇಂತಹ ತಂತ್ರಾಂಶಗಳಲ್ಲಿ ಹೆಚ್ಚು ಪರಿಚಿತವಾದದ್ದು ನೆಕ್ಸ್ಟ್‌ಕ್ಲೌಡ್. 2010ರಲ್ಲಿ ಆರಂಭವಾದ ಓನ್‌ಕ್ಲೌಡ್‌ನಿಂದ 2016ರಲ್ಲಿ ಕವಲೊಡೆದು ಬಂದ ಈ ತಂತ್ರಾಂಶದಲ್ಲಿ ಕಡತ ಹಂಚಿಕೆಯ ಜೊತೆಗೆ ದಿನಚರಿ, ವಿಳಾಸಪಟ್ಟಿಯಂತಹ ಸೌಲಭ್ಯಗಳೂ ಇವೆ. ಗ್ರಾಹಕರೇ ಕಡತವನ್ನು ಏರಿಸುವಂತೆ, ಆದರೆ ಒಳಗಿರುವುದನ್ನು ನೋಡಲಾಗದಂತೆ ವ್ಯವಸ್ಥೆ ಮಾಡಲೂ ಸಾಧ್ಯ. ಬರೀ ಕಡತ ರವಾನೆಯಷ್ಟೇ ಬೇಕಿದ್ದರೆ ಇದು ಅಗತ್ಯಕ್ಕಿಂತ ದೊಡ್ಡದು.

ಪ್ರಾಜೆಕ್ಟ್‌ಸೆಂಡ್ ರೂಪುಗೊಂಡಿರುವುದೇ ಗ್ರಾಹಕರಿಗಾಗಿ. ಪ್ರತಿಯೊಬ್ಬ ಗ್ರಾಹಕರಿಗೂ ಪ್ರತ್ಯೇಕ ಖಾತೆ ತೆರೆಯಬಹುದು. ಯಾರು ಯಾವ ಕಡತವನ್ನು ಎಂದು ಇಳಿಸಿಕೊಂಡರು ಎಂಬ ದಾಖಲೆ ಉಳಿಯುತ್ತದೆ. ಗೊಕಾಪಿಯಲ್ಲಿ ಕಡತ ಏರಿಸುವ ಅಧಿಕಾರ ನಿರ್ವಾಹಕರು ಅನುಮತಿಸಿದವರಿಗೆ ಮಾತ್ರ. ಇಷ್ಟು ದಿನಗಳ ಬಳಿಕ ಅಥವಾ ಇಷ್ಟು ಬಾರಿ ಇಳಿಸಿಕೊಂಡ ಬಳಿಕ ಕಡತ ತಾನಾಗಿ ಅಳಿಯುವಂತೆ ಮಾಡಬಹುದು. ಅಪರಿಚಿತರಿಗೆ ಬಾಗಿಲು ತೆರೆದದ್ದೇ ಫೈರ್‌ಫಾಕ್ಸ್ ಸೆಂಡ್‌ಗೆ ಮುಳುವಾಯಿತು ಎಂಬುದನ್ನು ನೆನೆದರೆ ಈ ನಿರ್ಬಂಧದ ಮಹತ್ವ ಅರಿವಾಗುತ್ತದೆ.

ಸೆಂಡ್ ಸೇವೆ ನಿಂತರೂ ಅದರ ಮೂಲಸಂಕೇತ ಮುಕ್ತವಾಗಿದ್ದುದರಿಂದ ತಂತ್ರಾಂಶ ಅಳಿಯಲಿಲ್ಲ. ಸ್ವಯಂಸೇವಕರು ಅದನ್ನು ಮುಂದುವರಿಸಿದ್ದಾರೆ. ಇದರ ವಿಶೇಷವಿರುವುದು ಗೂಢಲಿಪೀಕರಣದಲ್ಲಿ. ಕಡತಕ್ಕೆ ಬೀಗ ಬೀಳುವುದು ಕಳುಹಿಸುವವರ ಬ್ರೌಸರ್‌ನಲ್ಲಿಯೇ. ಅದರ ಕೀಲಿಕೈ ಕೊಂಡಿಯ ಕೊನೆಯಲ್ಲಿ, ಹ್ಯಾಷ್ ಚಿಹ್ನೆಯ ನಂತರ ಇರುತ್ತದೆ. ಆ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದಿಲ್ಲ. ಹಾಗಾಗಿ ಸರ್ವರ್ ಕಳ್ಳರ ಪಾಲಾಗಿ ಅಲ್ಲಿನ ಕಡತಗಳು ಕದ್ದುಹೋದರೂ ಕೀಲಿಯಿಲ್ಲದೆ ಅವುಗಳನ್ನು ಓದಲಾಗದು. ಇಡೀ ಕೊಂಡಿಯೇ ಬೇರೆಯವರ ಕೈಸೇರಿದರೆ ಮಾತ್ರ ಈ ರಕ್ಷಣೆ ಉಳಿಯದು.

ಮೊದಲ ದಿನದ ತೊಡಕುಗಳು

ಹೊಸದಾಗಿ ಸ್ಥಾಪಿಸಿದವರಿಗೆ ಮೊದಲು ಎದುರಾಗುವುದು ಗಾತ್ರದ ಮಿತಿಯೇ. ಪಿಎಚ್‌ಪಿ ಭಾಷೆಯಲ್ಲಿ ಏರಿಸಬಹುದಾದ ಕಡತಕ್ಕೆ ಪೂರ್ವನಿಗದಿತ ಮಿತಿ 2 ಎಂಬಿ. ಎಂಜಿನ್‌ಎಕ್ಸ್ ಸರ್ವರ್ ತಂತ್ರಾಂಶದಲ್ಲಿ ಅದು 1 ಎಂಬಿ. ಇವೆರಡನ್ನೂ ಬದಲಿಸದಿದ್ದರೆ ಸ್ವಂತ ಸರ್ವರ್ ಇ-ಮೇಲ್‌ಗಿಂತಲೂ ಕಡೆ. ಕ್ಲೌಡ್‌ಫ್ಲೇರ್‌ನ ಉಚಿತ ಸೇವೆಯ ಮೂಲಕ ಹಾದುಹೋಗುವ ತಾಣಗಳಿಗೆ ಒಮ್ಮೆಗೆ 100 ಎಂಬಿ ಏರಿಕೆಯ ಮಿತಿ ಇದೆ. ದೊಡ್ಡ ಕಡತವನ್ನು ತುಂಡುಗಳನ್ನಾಗಿ ಮಾಡಿ ಏರಿಸುವ ತಂತ್ರಾಂಶವನ್ನು ಆಯ್ದುಕೊಂಡರೆ ಈ ತೊಡಕು ಬಹುಪಾಲು ನಿವಾರಣೆಯಾಗುತ್ತದೆ. ನಡುವೆ ವಿದ್ಯುತ್ ಅಥವಾ ಸಂಪರ್ಕ ಕಡಿತಗೊಂಡಾಗ ನಿಂತಲ್ಲಿಂದಲೇ ಮುಂದುವರಿಸುವ ಸೌಲಭ್ಯವಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಸರ್ವರ್ ಬಾಡಿಗೆ ಉಳಿಸಲು ಮನೆಯ ಅಥವಾ ಕಚೇರಿಯ ಗಣಕಯಂತ್ರವನ್ನೇ ಬಳಸಬಾರದೇಕೆ ಎಂಬ ಯೋಚನೆ ಸಹಜ. ಆದರೆ ದೇಶದ ಅನೇಕ ಸಂಪರ್ಕಗಳಲ್ಲಿ ಒಂದೇ ಅಂತರ್ಜಾಲ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಹೊರಗಿನವರು ನೇರವಾಗಿ ಆ ಗಣಕಯಂತ್ರವನ್ನು ತಲುಪಲಾಗದು. ಪ್ರತ್ಯೇಕ ಸ್ಥಿರ ವಿಳಾಸ ಪಡೆಯಬೇಕು, ಇಲ್ಲವೇ ಬಾಡಿಗೆ ಸರ್ವರ್‌ನ ಮೂಲಕ ದಾರಿ ಮಾಡಿಕೊಳ್ಳಬೇಕು.

ಏರಿಕೆಯ ವೇಗವೂ ಮುಖ್ಯ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 40 ಜಿಬಿ ಏರಿಸಲು ಸುಮಾರು ನಾಲ್ಕೂವರೆ ಗಂಟೆ ಬೇಕು. 100 ಮೆಗಾಬಿಟ್ ವೇಗವಿದ್ದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಇದನ್ನು ಯಾವ ತಂತ್ರಾಂಶವೂ ಬದಲಿಸಲಾರದು.

ಮರೆತ ಸರ್ವರ್‌ನ ಅಪಾಯ

ನಿಜವಾದ ಸವಾಲು ಎದುರಾಗುವುದು ಸ್ಥಾಪನೆಯ ನಂತರ. ಪ್ರಾಜೆಕ್ಟ್‌ಸೆಂಡ್‌ನಲ್ಲಿ ಗಂಭೀರ ಲೋಪವೊಂದು ಪತ್ತೆಯಾಗಿತ್ತು. ಗುಪ್ತಪದವಿಲ್ಲದೆಯೇ ಯಾರು ಬೇಕಾದರೂ ತಂತ್ರಾಂಶದ ವ್ಯವಸ್ಥೆಯನ್ನು ಬದಲಿಸಿ, ಹೊಸ ಖಾತೆ ತೆರೆದು, ಸರ್ವರ್‌ನೊಳಗೆ ನುಸುಳಬಹುದಿತ್ತು. 2023ರ ಮೇ ತಿಂಗಳಲ್ಲೇ ಮೂಲಸಂಕೇತದಲ್ಲಿ ಇದನ್ನು ಸರಿಪಡಿಸಲಾಯಿತು. ಪರಿಹಾರವನ್ನು ಒಳಗೊಂಡ ಅಧಿಕೃತ ಆವೃತ್ತಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದೇ ನವೆಂಬರ್‌ನಲ್ಲಿ ವಲ್ನ್‌ಚೆಕ್ ಎಂಬ ಭದ್ರತಾ ಸಂಸ್ಥೆ ಪರಿಶೀಲಿಸಿದಾಗ, ಅಂತರ್ಜಾಲದಲ್ಲಿ ಕಂಡ ಪ್ರಾಜೆಕ್ಟ್‌ಸೆಂಡ್ ಸರ್ವರ್‌ಗಳ ಪೈಕಿ ಸರಿಪಡಿಸಿದ ಆವೃತ್ತಿ ಇದ್ದದ್ದು ಶೇ 1ರಷ್ಟರಲ್ಲಿ ಮಾತ್ರ. ಆ ಹೊತ್ತಿಗೆ ದಾಳಿಕೋರರು ಲೋಪವನ್ನು ಬಳಸಿಕೊಳ್ಳಲು ಆರಂಭಿಸಿದ್ದರು.

ಹಣ ತೆತ್ತು ಪಡೆಯುವ ತಂತ್ರಾಂಶವೂ ಇದಕ್ಕೆ ಹೊರತಲ್ಲ. 2023ರಲ್ಲಿ ಮೂವ್‌ಇಟ್ ಎಂಬ ವಾಣಿಜ್ಯ ಕಡತ ರವಾನೆ ತಂತ್ರಾಂಶದ ಲೋಪದಿಂದಾಗಿ ಹಲವು ದೇಶಗಳ ಸಂಸ್ಥೆಗಳ ಮಾಹಿತಿ ಕಳುವಾಯಿತು. ವ್ಯತ್ಯಾಸವೆಂದರೆ, ಸ್ವಂತ ಸರ್ವರ್‌ನಲ್ಲಿ ಪರಿಹಾರವನ್ನು ಅಳವಡಿಸಬೇಕಾದವರು ಛಾಯಾಗ್ರಾಹಕರೋ ವಾಸ್ತುಶಿಲ್ಪಿಯೋ ಆಗಿರುತ್ತಾರೆ. ಅವರಿಗೆ ಬೇರೆ ಕೆಲಸವಿರುತ್ತದೆ.

ತಂತ್ರಾಂಶವೇ ಅನಾಥವಾಗುವ ಸಂಭವವೂ ಉಂಟು. ಅಂದವಾದ ಪುಟಗಳಿಂದ ಜನಪ್ರಿಯವಾಗಿದ್ದ ಪಿಂಗ್ವಿನ್ ಶೇರ್‌ನ ನಿರ್ಮಾತೃ 2025ರಲ್ಲಿ ಅದರ ನಿರ್ವಹಣೆಯನ್ನು ನಿಲ್ಲಿಸಿದರು. ಆಯ್ಕೆಗೆ ಮುನ್ನ ಕೊನೆಯ ಆವೃತ್ತಿ ಎಂದು ಬಂದಿದೆ, ಎಷ್ಟು ಮಂದಿ ನಿರ್ವಹಿಸುತ್ತಿದ್ದಾರೆ ಎಂಬುದನ್ನು ಗಮನಿಸುವುದು ಲೇಸು.

ಕಾನೂನಿನ ಹೊಣೆಯೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದೆ. ಹಂತಹಂತವಾಗಿ ಜಾರಿಗೆ ಬರುವ ಈ ಕಾಯ್ದೆಯು ಜನರ ಮಾಹಿತಿಗೆ ಸೂಕ್ತ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ.

ಯಾರಿಗೆ ಸೂಕ್ತ?

ವರ್ಷಕ್ಕೆ ನಾಲ್ಕೈದು ಬಾರಿ ಕಡತ ಕಳುಹಿಸುವವರಿಗೆ ಈ ಶ್ರಮ ಅನಗತ್ಯ. ಗುಪ್ತಪದ ಹಾಕಿ ಸಂಕುಚಿಸಿದ ಕಡತವನ್ನು ಯಾವುದಾದರೂ ನಂಬಿಕಸ್ಥ ಸೇವೆಯ ಮೂಲಕ ಕಳುಹಿಸಿದರೆ ಸಾಕು. ಗುಪ್ತಪದವನ್ನು ಮಾತ್ರ ಅದೇ ಇ-ಮೇಲ್‌ನಲ್ಲಿ ಬರೆಯದೆ ದೂರವಾಣಿಯಲ್ಲಿ ತಿಳಿಸಬೇಕು.

ವಾರವಾರವೂ ಕಳುಹಿಸುವವರಿಗೆ, ಗ್ರಾಹಕರ ಗೋಪ್ಯತೆಗೆ ಬದ್ಧರಾದವರಿಗೆ ಸ್ವಂತ ಸರ್ವರ್ ಯೋಗ್ಯ. ಆದರೆ ಮೊದಲೇ ಕೆಲವು ನಿಯಮಗಳನ್ನು ಹಾಕಿಕೊಳ್ಳಬೇಕು. ಪ್ರತಿ ಕೊಂಡಿಗೂ ಅವಧಿ ಮತ್ತು ಗುಪ್ತಪದ ಇರಲಿ. ಅಪರಿಚಿತರಿಗೆ ಕಡತ ಏರಿಸುವ ಅವಕಾಶ ಬೇಡ. ತಂತ್ರಾಂಶದ ಹೊಸ ಆವೃತ್ತಿ ಬಂದಿದೆಯೇ ಎಂದು ವಾರಕ್ಕೊಮ್ಮೆ ಪರಿಶೀಲಿಸಲು ಒಬ್ಬರನ್ನು ನೇಮಿಸಬೇಕು. ರವಾನೆಯ ಸರ್ವರ್ ದಾಸ್ತಾನು ಕೋಣೆಯಾಗದಿರಲಿ. ಮೂಲಪ್ರತಿಗಳು ಬೇರೆಡೆ ಇದ್ದು, ಗ್ರಾಹಕರು ಇಳಿಸಿಕೊಂಡ ಕೂಡಲೇ ಸರ್ವರ್‌ನಲ್ಲಿರುವ ಪ್ರತಿ ಅಳಿಯಬೇಕು.

ಈ ಕೊನೆಯ ನಿಯಮಕ್ಕೆ ಖರ್ಚೇ ಇಲ್ಲ. ಅಳಿಸಿದ ಕಡತವನ್ನು ಸರ್ವರ್‌ಗೆ ನುಗ್ಗಿದ ಕಳ್ಳನೂ ಕದಿಯಲಾರ.