ಇದ್ದಿಲು ಉಂಡ ಊರು, ಊರು ಬಿಟ್ಟ ಕಾಡು

ಭದ್ರಾವತಿಯಲ್ಲಿ ಆಟೊ ಹತ್ತಿದರೆ ಎರಡು ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ನ್ಯೂಟೌನ್, ಪೇಪರ್ ಟೌನ್. ಮೊದಲನೆಯದು ಕಬ್ಬಿಣದ ಕಾರ್ಖಾನೆಯಿಂದ ಹುಟ್ಟಿದ ಬಡಾವಣೆ, ಎರಡನೆಯದು ಕಾಗದದ ಕಾರ್ಖಾನೆಯಿಂದ. ಎರಡರ ಹೊಟ್ಟೆಗೂ ಅನ್ನವಾದದ್ದು ಸುತ್ತಲಿನ ಮಲೆನಾಡಿನ ಕಾಡು. ಎಂಪಿಎಂ ಎಂದೇ ಕರೆಯುವ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಈ ಎರಡು ಕಾರ್ಖಾನೆಗಳ ಏಳುಬೀಳು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅವುಗಳ ಬೆನ್ನಿಗಿದ್ದ ಕಾಡಿನ ಹಾಡಿಗಳ, ಮರ ಕಡಿಯಲು ಗುರುತಿಸಿದ ಕೂಪುಗಳ, ಟ್ರಾಂ ಹಳಿಯ ಕಥೆ ಬಂದದ್ದು ಬಹಳ ಕಡಿಮೆ. ಆ ಕಥೆ ಹುಡುಕಿ ಹೊರಡುವವರಿಗೆ ಭದ್ರಾವತಿಯಿಂದ ಲಕ್ಕವಳ್ಳಿ, ತರೀಕೆರೆ, ನರಸಿಂಹರಾಜಪುರದವರೆಗಿನ ಈ ಸೀಮೆಯಷ್ಟು ಸಮೃದ್ಧವಾದ ಜಾಗ ಇನ್ನೊಂದು ನನಗೆ ತಿಳಿದಿಲ್ಲ.

ಕಬ್ಬಿಣಕ್ಕೂ ಕಾಡಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಬಂಗಾಳ, ಬಿಹಾರದ ಕಲ್ಲಿದ್ದಲನ್ನು ಇಷ್ಟು ದೂರ ತರಿಸಿದರೆ ಲೆಕ್ಕ ಕೂಡುತ್ತಿರಲಿಲ್ಲ. ಹಾಗಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಮರದ ಇದ್ದಿಲಿನಿಂದಲೇ ಊದುಕುಲುಮೆ ಉರಿಸಿತು. ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಸೌದೆ ತುಂಬಿ ಹೊರಗಿನಿಂದ ಕಾಯಿಸಿದರೆ ಒಳಗೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯನ್ನು ತಣಿಸಿ ಮೆಥನಾಲ್, ಟಾರು ಇತ್ಯಾದಿ ತೆಗೆಯುತ್ತಿದ್ದರು. ಆಗಿನ ಕಾಲಕ್ಕೆ ಅದು ದೊಡ್ಡ ಸಾಹಸ. ಶುರುವಿನಲ್ಲೇ ನಷ್ಟದ ಹಾದಿ ಹಿಡಿದಿದ್ದ ಕಾರ್ಖಾನೆಯನ್ನು ಸರ್.ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅಧ್ಯಕ್ಷರಾಗಿ ನಿಂತು ನಡೆಸಿದರು.

ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು. ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗರು ಹೂದೋಟ ನೋಡಿ, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಊರಿನ ಹೆಸರಿನಲ್ಲಿ ಕೆಂಪು ಮಣ್ಣೂ ಇದೆ, ಗುಂಡಿಯೂ ಇದೆ. ಆದರೂ ಇದೊಂದು ಗಣಿಯ ಊರಾಗಿತ್ತು ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಸೌದೆಯ ಕಥೆ ಇದಕ್ಕಿಂತ ಉದ್ದ. ಕುಲುಮೆ ಆರಬಾರದು, ಆದ್ದರಿಂದ ಕಾಡಿನಲ್ಲಿ ಕೊಡಲಿ ನಿಲ್ಲಬಾರದು. ಕಾಡನ್ನು ಕೂಪುಗಳಾಗಿ ವಿಂಗಡಿಸಿ, ಒಂದಾದ ಮೇಲೊಂದು ಕಡಿದು ಸಾಗಿಸಬೇಕಿತ್ತು. ಕಡಿಯಲು, ಹೊರಲು, ಗಾಡಿ ಹೊಡೆಯಲು ಜನ ಬೇಕಿತ್ತು. ಚಳಿಜ್ವರದ ಭಯಕ್ಕೆ ಬಯಲುಸೀಮೆಯವರು ಹೆದರುತ್ತಿದ್ದ ಮಲೆನಾಡಿಗೆ ಎಲ್ಲೆಲ್ಲಿಂದಲೋ ಕೂಲಿಕಾರರು ಬಂದರು. ಇಂದಿಗೂ ಭದ್ರಾವತಿಯ ಬೀದಿಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ತಮಿಳು ಕೇಳಿಸುವುದಕ್ಕೆ ಕಾರ್ಖಾನೆಯ ಕೆಲಸಕ್ಕೆ ಬಂದ ಆ ಸಂಸಾರಗಳೇ ಕಾರಣ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡು ಅಡಿ ಅಗಲದ ಪುಟ್ಟ ಟ್ರಾಂ ಹಳಿ ಕಾಡಿನ ನಡುವೆ ಹಾದಿತ್ತು. ಇವತ್ತು ಅದರ ಮೇಲೆ ಓಡಿದ ಗಾಡಿಯನ್ನು ಕಣ್ಣಾರೆ ಕಂಡವರು ಅಪರೂಪ.

ಇಲ್ಲಿನ ಚರಿತ್ರೆ ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನರಸಿಂಹರಾಜಪುರ 1915ರವರೆಗೆ ಯಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ಹೊಸ ಹೆಸರು ಬಂತು. ಕಾರ್ಖಾನೆಯೂ ಹಾಗೆಯೇ: ಮೈಸೂರು ಐರನ್ ವರ್ಕ್ಸ್, ಆಮೇಲೆ ಮೈಸೂರು ಐರನ್ ಅಂಡ್ ಸ್ಟೀಲ್, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು, ಜನರ ಬಾಯಲ್ಲಿ ವಿಐಎಸ್‌ಎಲ್. ಈಗಿನ ಹೆಸರೊಂದನ್ನೇ ಹಿಡಿದು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದರೆ ಅರ್ಧದಷ್ಟು ಕಡತ ಕಣ್ಣಿಗೇ ಬೀಳುವುದಿಲ್ಲ. ಹೊರಡುವ ಮೊದಲು ಹಳೆಯ ಹೆಸರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ ತಾಲ್ಲೂಕು ಕಚೇರಿಯಲ್ಲಿ. ಕಂದಾಯ ಇಲಾಖೆಯ ಭಾಷೆಯಲ್ಲಿ ಒಂದು ಪದವಿದೆ: ಬೇಚರಾಕ್. ನಕ್ಷೆಯಲ್ಲಿ, ಸರ್ವೆ ನಂಬರಿನಲ್ಲಿ ಇರುವ, ಆದರೆ ಒಂದು ದೀಪವೂ ಉರಿಯದ ಗ್ರಾಮ ಎಂದರ್ಥ. ಚರಾಕ್ ಎಂದರೆ ದೀಪ. ಇಷ್ಟು ನೋವನ್ನು ಇಷ್ಟು ಒಣದಾಗಿ ಹೇಳುವ ಇನ್ನೊಂದು ಸರ್ಕಾರಿ ಪದ ನಾನು ಕಂಡಿಲ್ಲ. ಬೇಚರಾಕ್ ಗ್ರಾಮಗಳ ಪಟ್ಟಿ, ಹಳೆಯ ಗ್ರಾಮ ನಕ್ಷೆ, ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯ ನಮೂದಿಸಿದ ಆಕಾರ್‌ಬಂದ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈಗ ಬರೀ ಕಾಡೆಂದು ಕಾಣುವ ಜಾಗದಲ್ಲಿ ಕೆರೆ, ಗದ್ದೆ, ಗುಂಡುತೋಪು, ದಾರಿ ಒಂದೊಂದಾಗಿ ಮೇಲೇಳುತ್ತವೆ. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರು ಮತ್ತು ಏಳನೆಯ ಸಂಪುಟಗಳಿವೆ. ಆಗಿನ ಕಡೂರು, ಶಿವಮೊಗ್ಗ ಜಿಲ್ಲೆಗಳ ಶಾಸನಗಳು ಅವುಗಳಲ್ಲಿವೆ. ಭದ್ರಾವತಿಯ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ನೋಡಿದವರಿಗೆ ಗೊತ್ತು, ಚಿಮಣಿ ಏಳುವುದಕ್ಕೆ ಏಳು ಶತಮಾನ ಮೊದಲೇ ಇಲ್ಲಿ ನೆಲೆನಿಂತ ಊರಿತ್ತು.

ಮೂರನೆಯದು ಕಾಲ್ನಡಿಗೆಯ ಓದು. ಕಾಡಿನಲ್ಲಿ ಊರು ಎಲ್ಲಿತ್ತೆಂದು ಗೋಡೆ ಹೇಳುವುದಿಲ್ಲ. ಮಣ್ಣಿನ ಗೋಡೆ ಕೆಲವು ಮಳೆಗಾಲಕ್ಕೇ ಕರಗಿಹೋಗುತ್ತದೆ. ಮರ ಹೇಳುತ್ತದೆ. ಸುತ್ತ ನಂದಿ, ಮತ್ತಿ, ತೇಗ ಇರುವಲ್ಲಿ ಹುಣಿಸೆಯೊಂದು, ಹಲಸೊಂದು, ಸಾಲಾಗಿ ನಾಲ್ಕು ಮಾವು ಕಂಡರೆ ಅಲ್ಲಿ ಯಾರದೋ ಹಿತ್ತಲಿತ್ತು. ಮಟ್ಟಸವಾದ ಹುಲ್ಲಿನ ಬಯಲು ಹಳೆಯ ಗದ್ದೆ. ಕುಂಕುಮದ ಬಣ್ಣ ಹೋಗಿರುವ ಕಲ್ಲು ಚೌಡಿಯ ಬನ. ಗೆದ್ದಲು ಮುಟ್ಟದ ಕಪ್ಪು ಪುಡಿ ಮಣ್ಣಿನಲ್ಲಿ ಸಿಕ್ಕರೆ ಅಲ್ಲಿ ಇದ್ದಿಲು ಸುಟ್ಟಿರಬಹುದು, ಕಾಳ್ಗಿಚ್ಚೂ ಆಗಿರಬಹುದು. ಬೇರೆ ಕುರುಹು ಸಿಗುವವರೆಗೆ ತೀರ್ಮಾನಕ್ಕೆ ಆತುರ ಬೇಡ.

ಈ ಕಾಡಿನ ಊರುಗಳು ಖಾಲಿಯಾದದ್ದು ಒಮ್ಮೆಗೇ ಅಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಬಂದಾಗ ಒಂದಷ್ಟು ನೀರಿನಡಿ ಹೋದವು. ಅಣೆಕಟ್ಟೆಯ ಕೆಲಸದಿಂದ ಬಿ.ಆರ್.ಪಿ. ಎಂಬ ಹೊಸ ಊರು ಹುಟ್ಟಿತು. ಯೋಜನೆಯ ಇಂಗ್ಲಿಷ್ ಹೆಸರಿನ ಮೂರಕ್ಷರವೇ ಊರಿನ ಹೆಸರಾಗಿ ನಿಂತಿತು. ಜೋಗದ ವಿದ್ಯುತ್ತು ಬಂದ ಮೇಲೆ ಕಾರ್ಖಾನೆ ನಿಧಾನವಾಗಿ ವಿದ್ಯುತ್ ಕುಲುಮೆಗೆ ಹೊರಳಿತು, ಇದ್ದಿಲಿನ ಕೂಪುಗಳ ಕೆಲಸ ಕಡಿಮೆಯಾಯಿತು. ಆದರೆ 1936ರಲ್ಲಿ ಸ್ಥಾಪನೆಯಾದ ಎಂಪಿಎಂಗೆ ಬಿದಿರು ಬೇಕಿತ್ತು. ಮುಂದೆ ನ್ಯೂಸ್‌ಪ್ರಿಂಟ್ ಶುರುವಾದ ಮೇಲೆ ನೀಲಗಿರಿ, ಅಕೇಶಿಯಾ ಬೇಕಾಯಿತು. ಅದಕ್ಕಾಗಿ ಗುತ್ತಿಗೆಗೆ ಪಡೆದ ಸಾವಿರಾರು ಹೆಕ್ಟೇರಿನ ನೆಡುತೋಪು ಮಿಲ್ಲು ನಿಂತ ಮೇಲೂ ಮಲೆನಾಡಿನ ಜಗಳವಾಗಿ ಉಳಿದಿದೆ. ಇದನ್ನು ಓದುತ್ತಿರುವವರಲ್ಲಿ ಅನೇಕರು ಒಂದಲ್ಲ ಒಂದು ದಿನ ಭದ್ರಾವತಿಯ ಹಾಳೆಯ ಮೇಲೆ ಸುದ್ದಿ ಓದಿದವರೇ.

ಕಡೆಯದಾಗಿ ಹೊರಟವರು ಹುಲಿಯ ಕಾಡಿನ ಜನ. ಜಾಗರ ಕಣಿವೆಯ ವನ್ಯಧಾಮ 1974ರಲ್ಲಿ ಲಕ್ಕವಳ್ಳಿ ಕಾಡನ್ನೂ ಸೇರಿಸಿಕೊಂಡು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹೆಬ್ಬೆ, ಕರ್ವಾನಿ, ಮಡ್ಲದಂಥ ಊರುಗಳ 400ಕ್ಕೂ ಹೆಚ್ಚು ಕುಟುಂಬಗಳು 2002ರ ಆಸುಪಾಸಿನಲ್ಲಿ ಕಾಡಿನಾಚೆಯ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದವು. ಆನೆ ಬೆಳೆ ತಿನ್ನುತ್ತಿತ್ತು, ಆಸ್ಪತ್ರೆ ದೂರ, ಶಾಲೆ ದೂರ. ಹೊರಡಬೇಕೆಂದು ಅವರೇ ಕೇಳಿದ್ದರು. ಪುನರ್ವಸತಿಯ ಒಳ್ಳೆಯ ಉದಾಹರಣೆಯೆಂದು ದೇಶದಲ್ಲೆಲ್ಲ ಇದನ್ನು ಹೇಳುತ್ತಾರೆ. ಅದು ನಿಜ. ಹೊರಟದ್ದು ಒಳ್ಳೆಯದಕ್ಕೇ ಆದರೂ ಬಿಟ್ಟುಬಂದ ಊರಿನ ಲೆಕ್ಕ ಯಾರೂ ಬರೆದಿಡಲಿಲ್ಲ ಎಂಬುದೇ ನನ್ನ ಸಂಕಟ. ಮಿಲ್ಲಿಗೆ ವಾರ್ಷಿಕ ವರದಿಯಿತ್ತು, ಮಸ್ಟರ್ ರೋಲ್ ಇತ್ತು. ಹಾಡಿಗೆ ಇದ್ದದ್ದು ಬಾಯಿಮಾತು ಮಾತ್ರ. ಆಗ ನಲವತ್ತಾಗಿದ್ದವರಿಗೆ ಈಗ ಅರವತ್ತು ದಾಟಿದೆ.

ಆದ್ದರಿಂದ ಎಂ.ಸಿ. ಹಳ್ಳಿಗೆ ಹೋದವರು ಇಸವಿ ಕೇಳಬೇಡಿ. ‘ಅಜ್ಜ, ನಿಮ್ಮ ಹಳೆ ಮನೆ ಬಾಗಿಲು ಯಾವ ದಿಕ್ಕಿಗಿತ್ತು? ನೀರು ಎಲ್ಲಿಂದ ತರ್ತಿದ್ರಿ? ಹೆಣ ಎಲ್ಲಿ ಮಣ್ಣು ಮಾಡ್ತಿದ್ರಿ?’ ಎಂದು ಕೇಳಿ. ಕೈಗೊಂದು ಹಾಳೆ, ಸೀಸದಕಡ್ಡಿ ಕೊಟ್ಟು ಊರಿನ ಚಿತ್ರ ಬರೆಸಿಕೊಳ್ಳಿ. ಆ ಹಾಳೆಯನ್ನು ಆಮೇಲೆ ಗ್ರಾಮ ನಕ್ಷೆಯ ಮೇಲಿಟ್ಟು ನೋಡಿ. ನಕ್ಷೆಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ್ದು, ಎಂದು ಬರೆದ ಜಾಗ ಅವರ ಚಿತ್ರದಲ್ಲಿ ದೇವರ ಬನವಾಗಿರಬಹುದು, ಮಕ್ಕಳಾಡುವ ಬಯಲಾಗಿರಬಹುದು. ಬರೆದುಕೊಂಡದ್ದರ ಒಂದು ಪ್ರತಿ ಅವರ ಮನೆಯಲ್ಲೇ ಬಿಟ್ಟುಬನ್ನಿ.

ತರೀಕೆರೆಯಿಂದ ಲಕ್ಕವಳ್ಳಿಗೆ ಬಸ್ಸಿದೆ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಕಾಲಿಡಲೂ ಬಾರದು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಬೇಸಿಗೆ ಬಲಿತು ನೀರು ಇಳಿದಾಗ ಹಿನ್ನೀರಿನ ದಡದಲ್ಲಿ ಒಣಗಿದ ಮರದ ಬೊಡ್ಡೆಗಳು ಸಾಲುಸಾಲಾಗಿ ಮೇಲೇಳುತ್ತವೆ. ಹೋಗುವುದಾದರೆ ಆಗ ಹೋಗಿ, ಮುಂಗಾರು ಹಿಡಿಯುವ ಮೊದಲು.