ಶಬ್ದದ ಮೂಲವನ್ನು ಅರಸುವ ವಿದ್ಯೆ

ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯಗಳ ಮೋಟಾರು ಬಿಡಿಭಾಗಗಳ ಪೇಟೆಯಲ್ಲಿ ಹಣ ಕೊಟ್ಟರೆ ದೊರೆಯದ ವಸ್ತು ವಿರಳವೆಂದೇ ಹೇಳಬೇಕು. ಆದರೂ ಒಮ್ಮೆ ಕೇಳಿಸಿ ಮರುಕ್ಷಣವೇ ಅಡಗುವ ಶಬ್ದವೊಂದನ್ನು ಅದರ ಮೂಲದವರೆಗೆ ಹಿಂಬಾಲಿಸಿ ಹೋಗಬಲ್ಲ ಮೆಕ್ಯಾನಿಕ್ಕನ ವಿವೇಕವು ಅಲ್ಲಿನ ಯಾವ ಅಂಗಡಿಯ ಕಪಾಟಿನಲ್ಲಿಯೂ ಸಿಗತಕ್ಕದ್ದಲ್ಲ. ಎಸ್‌ಯುವಿ ಎಂದು ಹೆಸರಾದ ಎತ್ತರದ ವಾಹನಗಳು ನಮ್ಮ ಬೀದಿಗಳನ್ನು ತುಂಬಿರುವ ಈ ಕಾಲದಲ್ಲಿ, ಮುಂದಿನ ಚಕ್ರದ ಕಡೆಯಿಂದ ಏನೋ ಸದ್ದು ಬರುತ್ತದೆಂದು ಗ್ಯಾರೇಜಿಗೆ ಬಂದು, ಅಲ್ಲಿ ತಲುಪಿದೊಡನೆಯೇ ಆ ಸದ್ದು ನಿಂತುಹೋದುದಕ್ಕಾಗಿ ಪರಿತಪಿಸುವ ಒಡೆಯರು ಅನೇಕರು. ಅಂಥವರ ಮಾತನ್ನು ನಂಬಿ, ಕಾಣದ ದೋಷವನ್ನು ಕಾಣುವಂತೆ ಮಾಡುವ ಕುಶಲಕರ್ಮಿಯ ವಿದ್ಯೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೊದಲು ಅಂಗರಚನೆಯನ್ನು ತಿಳಿಯಬೇಕು. ಮಧ್ಯಮ ಗಾತ್ರದ ಬಹುಪಾಲು ಎಸ್‌ಯುವಿಗಳ ಮುಂಭಾಗದಲ್ಲಿರುವುದು, ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ, ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬವಾಗಿ ಕೂಡಿಸಿದ ಸ್ಟ್ರಟ್ ವ್ಯವಸ್ಥೆ. ಈ ಕಂಬದ ಮೇಲಿನ ತುದಿ ರಬ್ಬರಿನ ಮೌಂಟ್ ಮತ್ತು ಬೇರಿಂಗಿನ ಮೂಲಕ ವಾಹನದ ಮೈಗೆ ಸೇರುತ್ತದೆ; ಕೆಳಗಡೆ ಲೋಯರ್ ಆರ್ಮ್ ಒಂದು ತುದಿಯಲ್ಲಿ ಬಾಲ್ ಜಾಯಿಂಟಿನಿಂದ ಚಕ್ರದ ಕಡೆಗೂ ಮತ್ತೊಂದು ತುದಿಯಲ್ಲಿ ರಬ್ಬರ್ ಬುಷ್‌ಗಳಿಂದ ಚೌಕಟ್ಟಿನ ಕಡೆಗೂ ಕೂಡಿಕೊಂಡಿರುತ್ತದೆ; ಎಡಬಲ ಚಕ್ರಗಳನ್ನು ಬೆಸೆಯುವ ಸ್ಟೆಬಿಲೈಸರ್ ಬಾರ್ ಎರಡು ಕಡೆಯೂ ಲಿಂಕ್ ರಾಡುಗಳಿಂದ ತೂಗುತ್ತದೆ. ಲ್ಯಾಡರ್ ಫ್ರೇಮಿನ ಭಾರಿ ವಾಹನಗಳಲ್ಲಿ ಅನೇಕಕ್ಕೆ ಮೇಲೊಂದು ಆರ್ಮ್, ಅದಕ್ಕೊಂದು ಬಾಲ್ ಜಾಯಿಂಟ್ ಹೆಚ್ಚಿಗೆ ಉಂಟು. ಇಷ್ಟು ಸಂಧಿಗಳಲ್ಲಿ ಯಾವುದು ಸಡಿಲವಾದರೂ ಶಬ್ದ ಹುಟ್ಟಬಹುದು. ಹುಟ್ಟಿದ ಶಬ್ದವು ಲೋಹದ ಉದ್ದಕ್ಕೂ ಸಂಚರಿಸಿ ತಾನು ಹುಟ್ಟದ ಕಡೆಯಲ್ಲಿ ಕೇಳಿಸುವುದರಿಂದ, ಎಡಗಡೆಯ ದೋಷ ಬಲಗಿವಿಗೆ ಬೀಳುವುದೂ ಅಪರೂಪವಲ್ಲ.

ಅನುಕರಣ ಶಬ್ದಗಳಿಂದ ಸಮೃದ್ಧವಾದ ನಮ್ಮ ಭಾಷೆ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಸಣ್ಣ ಗುಂಡಿಗಳ ಮೇಲೆ ‘ಕಟಕಟ’ ಎಂದರೆ ಲಿಂಕ್ ರಾಡಿನ ಮೇಲೂ, ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟಂಗ್’ ಎಂದು ಜಿಗಿದರೆ ಮೇಲಿನ ಮೌಂಟಿನ ಬೇರಿಂಗಿನ ಮೇಲೂ, ಬ್ರೇಕು ಹಾಕುವಾಗ ಒಂದೇ ಸಲ ‘ಧಡ್’ ಎಂದರೆ ಲೋಯರ್ ಆರ್ಮಿನ ಬುಷ್ ಮೇಲೂ, ಮೆಲ್ಲನೆ ಮೇಲೆ ಕೆಳಗೆ ಆಡುವಾಗ ‘ಕಿರ್’ ಎಂದು ನರಳಿದರೆ ಒಣಗಿದ ರಬ್ಬರಿನ ಮೇಲೂ ಮೊದಲ ಅನುಮಾನ ಹೋಗುತ್ತದೆ. ಆದರೆ ಅದು ಅನುಮಾನವೇ ಹೊರತು ನಿರ್ಣಯವಲ್ಲವೆಂಬುದನ್ನು ಬಲ್ಲವನೇ ನಿಜವಾದ ಮೆಕ್ಯಾನಿಕ್.

ನಿರ್ಣಯದ ದಾರಿಯನ್ನು ನಮ್ಮ ತರ್ಕಶಾಸ್ತ್ರಜ್ಞರು ಅನ್ವಯ, ವ್ಯತಿರೇಕ ಎಂದು ಕರೆದರು: ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ನ್ಯಾಯಗ್ರಂಥಗಳ ಹೆಸರನ್ನೂ ಕೇಳದ ಕೈಗಳು ಈ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತವೆಂಬುದನ್ನು ನಾನು ಇಂತಹದೊಂದು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡೆನು. ಬೇರೆಡೆ ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ ಮೇಲೆಯೂ ಸದ್ದು ಉಳಿದಿದ್ದ ವಾಹನವೊಂದು ಅಲ್ಲಿಗೆ ಬಂದಿತು. ಹಿರಿಯ ಮೆಕ್ಯಾನಿಕ್ಕರು ಸ್ಪ್ಯಾನರನ್ನು ಮುಟ್ಟುವ ಮೊದಲು ಕೇಳಿದರು: “ಸಾರ್, ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಬರುತ್ತಾ, ಇಲ್ಲ ಒಂದು ಕಡೆ ಗುಂಡಿಗೆ ಇಳಿದಾಗ ಮಾತ್ರ ಬರುತ್ತಾ?” ಒಡೆಯನಾದ ಯುವಕ ಕೊಂಚ ಯೋಚಿಸಿ, “ಹಂಪ್ ಮೇಲೆ ಇಲ್ಲ ಅಣ್ಣ, ನಮ್ಮ ಬೀದಿ ಗುಂಡೀಲಿ ಮಾತ್ರ, ಹೈವೇಲಿ ಬರೋದೇ ಇಲ್ಲ” ಎಂದನು.

ಈ ಉತ್ತರದ ಮಹತ್ತ್ವ ಸಾಮಾನ್ಯವಾದುದಲ್ಲ. ಎರಡು ಚಕ್ರಗಳೂ ಒಟ್ಟಿಗೆ ಏರಿದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳದೆ ತನ್ನ ಬುಷ್‌ಗಳಲ್ಲಿ ಸುಮ್ಮನೆ ಹೊರಳುವುದರಿಂದ ಲಿಂಕ್ ರಾಡಿನ ಮೇಲೆ ಹೆಚ್ಚಿನ ಭಾರ ಬೀಳುವುದಿಲ್ಲ. ಒಂದೇ ಚಕ್ರ ಕುಸಿದಾಗ ಬಾರ್ ತಿರುಚಿ ಲಿಂಕನ್ನು ಜಗ್ಗುತ್ತದೆ, ಅದರ ಗುಂಡುಕೀಲು ಸವೆದಿದ್ದರೆ ಆಗ ಬಡಿದುಕೊಳ್ಳುತ್ತದೆ. ತರುವಾಯ ಅವರು ತಾವೇ ಚಾಲಕನ ಸ್ಥಾನದಲ್ಲಿ ಕುಳಿತು, ಅಂಥದೇ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತ ಬ್ರೇಕಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟು ನೋಡಿದರು; ಬ್ರೇಕ್ ಪ್ಯಾಡುಗಳು ಅಲುಗಿ ಸದ್ದಾಗುತ್ತಿದ್ದರೆ ಅವು ಒತ್ತಿ ಹಿಡಿಯಲ್ಪಟ್ಟು ಸದ್ದು ಅಡಗಬೇಕಾಗಿತ್ತು. ಅಡಗಲಿಲ್ಲವಾಗಿ ಆ ಶಂಕೆ ಪರಿಹಾರವಾಯಿತು.

ವಾಹನವನ್ನು ಜಾಕಿನ ಮೇಲೆ ಎತ್ತದೆ, ನಾಲ್ಕು ಚಕ್ರಗಳೂ ನೆಲದ ಮೇಲಿರುವಂತೆ ಹೊಂಡದ ಮೇಲೆ ನಿಲ್ಲಿಸಿ ಅವರು ಕೆಳಗಿಳಿದರು. ಒಂದು ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗುವುದರಿಂದ ಅದರ ಸಡಿಲ ಮರೆಯಾಗುತ್ತದೆ. ಹಿಂದಿನ ಪರೀಕ್ಷೆಗಳಲ್ಲಿ ದೋಷ ತಪ್ಪಿಸಿಕೊಂಡುದು ಹೀಗೆಯೇ ಇರಬೇಕು. ಬಲಗಡೆಯ ಲಿಂಕನ್ನು ಹಿಡಿದು ಕುಲುಕಿದಾಗ ಅಲುಗಾಟವಿಲ್ಲ. ಎಡಗಡೆಯದರ ರಬ್ಬರ್ ಬೂಟ್ ಹರಿದು, ಗ್ರೀಸಿರಬೇಕಾದಲ್ಲಿ ಒಣಮಣ್ಣು ಕೂತಿತ್ತು. ಕುಲುಕಿದರೆ ಬೆರಳಿಗೂ ಕಿವಿಗೂ ಏಕಕಾಲದಲ್ಲಿ ‘ಕಟಕ್’ ಎಂದಿತು. ಇದು ಅನ್ವಯ. ಅಷ್ಟಕ್ಕೇ ತೃಪ್ತರಾಗದೆ, ಎರಡೂ ಲಿಂಕುಗಳನ್ನು ಬಿಚ್ಚಿಟ್ಟು, ಅವಿಲ್ಲದೆ ತಿರುವಿನಲ್ಲಿ ವಾಹನ ಹೆಚ್ಚು ವಾಲುವುದೆಂಬ ಎಚ್ಚರದಿಂದ ಅದೇ ಗುಂಡಿಗಳ ಮೇಲೆ ಮೆಲ್ಲನೆ ಹಾಯ್ದು ಬಂದರು. ಸದ್ದಿಲ್ಲ. ಇದು ವ್ಯತಿರೇಕ. ಆ ಬಳಿಕವೇ ಹೊಸ ಲಿಂಕುಗಳನ್ನು ತರಲು ಹುಡುಗನನ್ನು ಅಂಗಡಿಗೆ ಕಳುಹಿಸಿದರು.

ಎಲ್ಲ ಶಬ್ದಗಳೂ ಇಷ್ಟು ನಿರುಪದ್ರವಿಗಳಲ್ಲ. ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರವೇ ವಾಲಿ ಸ್ಟೀರಿಂಗಿನ ಹಿಡಿತ ತಪ್ಪುವ ಭಯವುಂಟಾದುದರಿಂದ, ಚಕ್ರವನ್ನು ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿ, ಲಿವರಿನಿಂದ ಆರ್ಮನ್ನು ಮೀಟಿ ನೋಡದೆ ಘಟ್ಟದ ದಾರಿ ಹಿಡಿಯಬಾರದು. ಬುಷ್ ಬದಲಿಸುವಲ್ಲಿಯೂ ಒಂದು ಶಿಸ್ತಿದೆ: ವಾಹನದ ಭಾರ ಚಕ್ರಗಳ ಮೇಲೆ ಕುಳಿತ ಬಳಿಕವೇ ಅದರ ಬೋಲ್ಟನ್ನು ಅಂತಿಮವಾಗಿ ಬಿಗಿಯಬೇಕು, ಆರ್ಮು ಜೋತಾಡುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗನೆ ಹರಿಯುತ್ತದೆ. ಕಿರುಗುಟ್ಟುವ ರಬ್ಬರಿಗೆ ಎಂಜಿನ್ ಎಣ್ಣೆ ಸುರಿಯುವ ಅಭ್ಯಾಸವಂತೂ ಸರ್ವಥಾ ತ್ಯಾಜ್ಯ. ಸದ್ದು ಕೆಲವು ದಿನ ಅಡಗೀತು, ಆದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಈ ವಿದ್ಯೆಗೆ ಒಡೆಯನ ಸಹಕಾರವೂ ಬೇಕು. ಸದ್ದು ಬಂದಾಗ ವೇಗವೆಷ್ಟು, ಎಂಜಿನ್ ತಣ್ಣಗಿತ್ತೇ, ಮಳೆ ಬಂದಿತ್ತೇ, ಬ್ರೇಕಿನ ಮೇಲೆ ಕಾಲಿತ್ತೇ, ಯಾವ ಕಡೆಗೆ ತಿರುಗುತ್ತಿದ್ದಿರಿ ಎಂಬುದನ್ನು ಗುರುತಿಟ್ಟು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ನಮ್ಮ ಬಿಲ್ಲುಗಳಲ್ಲಿ ಬಿಡಿಭಾಗಕ್ಕೊಂದು ಸಾಲು, ಅದನ್ನು ಕೂಡಿಸಿದ ಕೂಲಿಗೊಂದು ಸಾಲು ಇರುತ್ತದೆ. ಯೋಚಿಸಿದುದಕ್ಕೆ ಸಾಲು ಇರುವುದಿಲ್ಲ. ಹೀಗಾಗಿ, ಅಗ್ಗದ ಲಿಂಕಿನಲ್ಲಿ ದೋಷ ಕಂಡುಹಿಡಿದವನಿಗಿಂತ, ಬೆಲೆಬಾಳುವ ಶಾಕ್ ಅಬ್ಸಾರ್ಬರುಗಳನ್ನು ವೃಥಾ ಬದಲಿಸಿದವನಿಗೇ ಹೆಚ್ಚು ಸಂಪಾದನೆ. ಪರೀಕ್ಷೆಗೆ ತಗಲಿದ ಹೊತ್ತಿಗೆ ನಾವು ಸಂತೋಷದಿಂದ ಪ್ರತ್ಯೇಕ ಬೆಲೆ ಕೊಡುವುದನ್ನು ಕಲಿತರೆ, ನಿಧಾನವಾಗಿ ನೋಡಿ ನಿರ್ಣಯಿಸುವವರು ಗ್ಯಾರೇಜುಗಳಲ್ಲಿ ಉಳಿಯುತ್ತಾರೆ. ಅವರ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವ ಹುಡುಗರೂ ಅದನ್ನೇ ಕಲಿಯುತ್ತಾರೆ.