ದೋಣಿ ಇಳಿಸುವ ಮುನ್ನ ದಡವನ್ನು ಅರಿಯಿರಿ

ಮುಂಬಯಿಯಲ್ಲಿ ನೆಲೆಸಿ ದಶಕಗಳು ಸಂದ ಮೇಲೆ ನಾವು ದಂಪತಿಗಳು ಕಯಾಕಿಂಗ್ ಹವ್ಯಾಸವನ್ನು ಕೈಗೊಂಡಿದ್ದೇವೆ. ಕಯಾಕ್ ಎಂಬುದು ಮೂಲತಃ ಉತ್ತರ ಧ್ರುವ ಪ್ರದೇಶದ ಇನ್ಯೂಯಿಟ್ ಬೇಟೆಗಾರರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಕಟ್ಟುತ್ತಿದ್ದ ಕಿರುದೋಣಿ. ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ಇಬ್ಬರ ದೋಣಿಯಲ್ಲಿ ಮುಂದೆ ಕುಳಿತವರ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕು.

ದೋಣಿ ನಡೆಸುವುದಕ್ಕಿಂತ ಅದನ್ನು ನೀರಿಗಿಳಿಸುವ ತಾಣವನ್ನು ಹುಡುಕುವುದೇ ಕಠಿಣ. ಪೊವಾಯಿ ಕೆರೆಯಲ್ಲಿ ಮೊಸಳೆಗಳಿವೆ. ಠಾಣೆ ಖಾಡಿಯ ಒಂದು ಭಾಗ 2015ರಿಂದ ಫ್ಲೆಮಿಂಗೊ ಪಕ್ಷಿಗಳ ಅಭಯಾರಣ್ಯವಾಗಿದ್ದು, ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.

ಸಮುದ್ರಕ್ಕೆ ಸೇರಿದ ಖಾಡಿಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವಿಳಿತಗಳಾಗುತ್ತವೆ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆಗಳ ಅವಧಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ಏರಿಳಿತ 4 ಮೀಟರುಗಳನ್ನು ಮೀರುವುದುಂಟು. ಇದನ್ನು ಲೆಕ್ಕಿಸದೆ ಒಮ್ಮೆ ಉಬ್ಬರದಲ್ಲಿ ಹೊರಟ ನಾವು ಮರಳಿದಾಗ, ದಡವಿದ್ದೆಡೆ ಆಳವಾದ ಕೆಸರಷ್ಟೇ ಉಳಿದಿತ್ತು. ಕೆಳಗಿಳಿಯುವ ಸಾಹಸ ಮಾಡದೆ, ನೀರು ಮತ್ತೆ ಏರುವವರೆಗೆ ದೋಣಿಯಲ್ಲೇ ಕುಳಿತೆವು. ಮನೆಯಲ್ಲಿ ಮಕ್ಕಳು ಗಾಬರಿಯಾಗಿದ್ದರು.

ಅಂದಿನಿಂದ ನಮ್ಮ ನಿಯಮಗಳಿವು: ಉಬ್ಬರ ಮತ್ತು ಇಳಿತ ಎರಡರಲ್ಲೂ ದಡವನ್ನು ಕಾಲ್ನಡಿಗೆಯಲ್ಲಿ ನೋಡುವುದು, ಸ್ಥಳೀಯ ಮೀನುಗಾರರನ್ನು ವಿಚಾರಿಸುವುದು, ಜೀವರಕ್ಷಕ ಅಂಗಿಯನ್ನು ಧರಿಸಿಯೇ ದೋಣಿ ಏರುವುದು, ಮರಳುವ ವೇಳೆಯನ್ನು ಮನೆಯಲ್ಲಿ ತಿಳಿಸುವುದು, ಮಳೆಗಾಲದಲ್ಲಿ ನೀರಿಗಿಳಿಯದಿರುವುದು.

ರಜೆಯಲ್ಲಿ ಊರಿಗೆ ತೆರಳುವವರು ದಾಂಡೇಲಿಯ ಕಾಳಿ ನದಿಯಲ್ಲಿ ಪರಿಣತರಿಂದ ಮೊದಲ ಪಾಠ ಕಲಿಯಬಹುದು. ಅಲ್ಲಿಯೂ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವು ಬದಲಾಗುವುದೆಂಬ ಎಚ್ಚರವಿರಲಿ. ನೀರಿನ ನಡೆಯನ್ನು ತಿಳಿದವರಿಗೆ ಈ ಹವ್ಯಾಸ ವಯಸ್ಸಿನ ಹಂಗಿಲ್ಲದ ಆನಂದವನ್ನು ನೀಡುತ್ತದೆ.